ಗಿರಾಕಿ ಎಲ್ಲಿ ನಿಂತಿದ್ದಾನೆ? ಮಲೆನಾಡಿನ ಸಣ್ಣ ವ್ಯಾಪಾರಕ್ಕೆ ಮೊಬೈಲ್ ಜಾಹೀರಾತಿನ ಸಮಗ್ರ ಮಾರ್ಗದರ್ಶಿ

ನಮ್ಮ ಅತ್ತಿಗೆ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ನಾಲ್ಕು ರೂಮಿನ ಹೋಂಸ್ಟೇ ಶುರು ಮಾಡಿದ ಹೊಸತರಲ್ಲಿ, ಫೇಸ್‌ಬುಕ್‌ಗೆ ಮಂಜು ಮುಸುಕಿದ ತೋಟದ ಫೋಟೊ ಹಾಕಿ, ಅದರ ಕೆಳಗಿದ್ದ, ದುಡ್ಡು ಕೊಟ್ಟರೆ ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ನೀಲಿ ಬೂಸ್ಟ್ ಬಟನ್ ಒತ್ತಿದರು. ಐದು ಸಾವಿರ ರೂಪಾಯಿ ಖರ್ಚಾಯಿತು. ಸಾವಿರಕ್ಕೂ ಮೇಲೆ ಲೈಕ್ ಬಂದವು, ಬುಕಿಂಗ್ ಒಂದೂ ಬರಲಿಲ್ಲ. ಲೈಕ್ ಒತ್ತಿದವರ ಹೆಸರು ನೋಡುತ್ತ ಹೋದರೆ ಎಲ್ಲ ಆಲ್ದೂರು, ಬಣಕಲ್, ಗೋಣಿಬೀಡಿನವರು. "ಎಂತ ಮಾರಾಯ, ಇವರೆಲ್ಲ ನಮ್ಮನೆಗೆ ಪುಕ್ಕಟೆ ಊಟಕ್ಕೆ ಬರುವವರೇ ಅಲ್ವಾ!" ಎಂದರು ಅತ್ತಿಗೆ. ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವರಿಗೆ ಕಾಫಿ ತೋಟ ತೋರಿಸಲು ಐದು ಸಾವಿರ ಕೊಟ್ಟಂತಾಗಿತ್ತು.

ನನ್ನದು ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಪುಡಿ ಅಂಗಡಿ. ಅತ್ತಿಗೆಯ ಹೋಂಸ್ಟೇ ಜಾಹೀರಾತನ್ನೂ ಆಮೇಲೆ ನಾನೇ ನೋಡಿಕೊಳ್ಳತೊಡಗಿದೆ. ಈ ಎರಡು ವ್ಯಾಪಾರಕ್ಕೆ ದುಡ್ಡು ಕಳೆದುಕೊಂಡು ಕಲಿತದ್ದನ್ನು, ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಫೋನ್ ಪಕ್ಕಕ್ಕಿಡಿ, ಒಂದು ಹಾಳೆ ತೆಗೆದುಕೊಳ್ಳಿ

ಕಳೆದ ಒಂದು ತಿಂಗಳಲ್ಲಿ ದುಡ್ಡು ಕೊಟ್ಟ ಇಪ್ಪತ್ತು ಗಿರಾಕಿಗಳನ್ನು ನೆನಪಿಸಿಕೊಂಡು ಬರೆಯಿರಿ. ನಿಮ್ಮ ಹತ್ತಿರ ಬರಬೇಕೆಂದು ತೀರ್ಮಾನ ಮಾಡಿದ ಹೊತ್ತಿನಲ್ಲಿ ಅವರು ಎಲ್ಲಿದ್ದರು ಎಂದು ಹೆಸರಿನ ಮುಂದೆ ಗುರುತು ಹಾಕಿ. ನಮ್ಮ ಕಡೆಯ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮೂರು ಬಗೆಯವರು ಸಿಗುತ್ತಾರೆ. ಒಂದು, ಊರಿನವರು: ಸೀರೆ ಅಂಗಡಿ, ಹಲ್ಲಿನ ಡಾಕ್ಟರು, ಮಿಕ್ಸಿ ರಿಪೇರಿ, ಟ್ಯೂಷನ್‌ಗೆ ಬರುವವರು. ಎರಡು, ಬೆಂಗಳೂರು, ಮಂಗಳೂರು, ಮೈಸೂರಿನ ಮನೆಯಲ್ಲಿ ಕೂತು ಬುಧವಾರ ರಾತ್ರಿ ಶನಿವಾರದ ಪ್ಲಾನ್ ಮಾಡುವವರು. ಮೂರು, ದಾರಿಯಲ್ಲಿರುವವರು. ಬೇಲೂರಿನ ದೇವಸ್ಥಾನ ನೋಡಿ ಹೊರಗೆ ಬಂದು, ಬಿಸಿಲಲ್ಲಿ ಚಪ್ಪಲಿ ಹುಡುಕುತ್ತ, ಊಟ ಎಲ್ಲಿ ಎಂದು ಫೋನ್ ತೆಗೆಯುವವರು.

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಾಸನ, ಬೇಲೂರಿನ ಹೋಟೆಲಿನವರಿಗೆ ಈ ಮೂರನೆಯ ಬಗೆಯ ಗಿರಾಕಿ ಬಲು ಮುಖ್ಯ. ಹೆಚ್ಚಿನವರು ಜಾಹೀರಾತು ಹಾಕುವಾಗ ಮರೆಯುವುದೂ ಅವನನ್ನೇ.

ಇಪ್ಪತ್ತರಲ್ಲಿ ಹದಿನೈದು ಗುರುತು ಯಾವ ಕಡೆ ಬಿದ್ದಿತೋ ದುಡ್ಡು ಮೊದಲು ಆ ಕಡೆ ಹೋಗಲಿ. ಮೂವರನ್ನೂ ಒಂದೇ ಜಾಹೀರಾತಿನಲ್ಲಿ ಹಿಡಿಯಲು ಹೋದರೆ ಅತ್ತಿಗೆಗೆ ಆದದ್ದೇ ಆಗುತ್ತದೆ.

2. ದುಡ್ಡು ಹಾಕುವ ಮೊದಲು ಗೂಗಲ್ ಮ್ಯಾಪಿನಲ್ಲಿ ಕೂರಿ

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. 2021ರವರೆಗೆ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂದು ಹೆಸರಿತ್ತು. ಅಂಗಡಿಯ ಹೆಸರು, ಬಗೆ, ಸಮಯ, ಫೋನ್, ಫೋಟೊ ತುಂಬಿಸಿದ ಮೇಲೆ ಖಾತ್ರಿ ಮಾಡಿಕೊಳ್ಳಲು ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ರಸ್ತೆ, ಅಂಗಡಿಯ ಬೋರ್ಡು, ಬೀಗ ತೆಗೆದು ಒಳಗೆ ಹೋಗುವುದು, ಒಳಗಿನ ಸಾಮಾನು, ಎಲ್ಲವೂ ತುಂಡಾಗದ ಒಂದೇ ವಿಡಿಯೊದಲ್ಲಿ ಬರಬೇಕು. ನಾನು ಮೊದಲ ಸಲ ನೇರ ಒಳಗಿನಿಂದ ಶುರು ಮಾಡಿ ತಿರಸ್ಕಾರ ಮಾಡಿಸಿಕೊಂಡೆ. ಎರಡನೆಯ ಸಲ ರಸ್ತೆಯಾಚೆ ನಿಂತು, ಪಕ್ಕದ ಅಂಗಡಿ ಬೋರ್ಡೂ ಕಾಣುವಂತೆ ತೆಗೆದು, ಷಟರ್ ಎತ್ತಿ, ಹುರಿಯುವ ಮಿಷನ್ ತೋರಿಸಿದೆ, ಒಪ್ಪಿಗೆ ಬಂತು.

ತೋಟದ ಮನೆಯವರು ಪಿನ್ ಎಲ್ಲಿ ಬಿದ್ದಿದೆ ಎಂದು ನೋಡಲೇಬೇಕು. ಅತ್ತಿಗೆಯ ಮನೆಯ ಪಿನ್ ತೋಟದ ಹಿಂದಿನ ಹಳ್ಳದಾಚೆ ಬಿದ್ದಿತ್ತು. ಮ್ಯಾಪ್ ನಂಬಿ ಬಂದ ಬೆಂಗಳೂರಿನ ಕಾರು ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಹೋಗಿ ನಿಂತು, ಅಲ್ಲಿಯ ಲೆಕ್ಕ ನೋಡುವ ರೈಟರು ರಾತ್ರಿ ಒಂಬತ್ತಕ್ಕೆ ಬೈಕಿನಲ್ಲಿ ದಾರಿ ತೋರಿಸುತ್ತ ಬರಬೇಕಾಯಿತು. ಪಿನ್ ಅನ್ನು ಗೇಟಿನ ಮೇಲೆ ಇಡಿ. ಮುಖ್ಯ ರಸ್ತೆಯಿಂದ ತಿರುಗುವ ಜಾಗದ ಫೋಟೊವನ್ನೂ ಹಾಕಿ.

ರಿವ್ಯೂ ಕೇಳಲು ನಾಚಿಕೆ ಬೇಡ. ಬಿಲ್ ಕೊಡುವಾಗ, "ಪುಡಿ ಹೇಗಿತ್ತು ಅಂತ ಒಂದೆರಡು ಮಾತು ಬರೀತೀರಾ ಸಾರ್?" ಎಂದು ಕ್ಯೂಆರ್ ಕೋಡ್ ತೋರಿಸಿದರೆ ಸಾಕು. ದುಡ್ಡು ಅಥವಾ ರಿಯಾಯಿತಿ ಕೊಟ್ಟು ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಇಳಿಯಬೇಡಿ. ಮುಂದೆ ಬರುವ ಗಿರಾಕಿ ದೂರಿಗಿಂತ ನಿಮ್ಮ ಉತ್ತರವನ್ನೇ ಗಮನವಿಟ್ಟು ಓದುತ್ತಾನೆ.

ಪ್ರೊಫೈಲ್ ಆದ ವಾರದೊಳಗೆ, "ಗೂಗಲ್‌ನಿಂದ ಮಾತಾಡ್ತಿದ್ದೀವಿ, ದುಡ್ಡು ಕಟ್ಟದಿದ್ರೆ ನಿಮ್ಮ ಲಿಸ್ಟಿಂಗ್ ಡಿಲೀಟ್ ಆಗತ್ತೆ" ಎಂಬ ಫೋನ್ ಬಂದರೂ ಬಂದೀತು. ಇಟ್ಟುಬಿಡಿ. ಮ್ಯಾಪಿನಲ್ಲಿ ಇರುವುದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ.

3. ಫೋನ್ ಎತ್ತುವವರು ಯಾರು?

ನನ್ನ ಕೇಳಿದರೆ ಅರ್ಧ ಜಾಹೀರಾತು ಇದೇ. ದುಡ್ಡು ಕೊಟ್ಟು ಕರೆ ತರಿಸಿ, ಕರೆ ಎತ್ತದಿದ್ದರೆ ಆ ಗಿರಾಕಿ ನಿಮ್ಮ ದುಡ್ಡಿನಲ್ಲೇ ಪಕ್ಕದ ಹೋಂಸ್ಟೇಗೆ ಹೋಗುತ್ತಾನೆ. ಅತ್ತಿಗೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ತುದಿಯಲ್ಲಿ ಮಾತ್ರ, ಅದೂ ಒಂದೇ ಕಡ್ಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ವೈಫೈಯೂ ಇಲ್ಲ. ಹಾಗಾಗಿ ಜಾಹೀರಾತಿಗೆಂದೇ ಬೇರೆ ಸಿಮ್ ತೆಗೆದು, ಪೇಟೆಯಲ್ಲಿರುವ ಅಣ್ಣನ ಮಗಳ ಕೈಯಲ್ಲಿ ಫೋನ್ ಕೊಟ್ಟೆವು. ರೂಮು ಖಾಲಿ ಇದೆಯೇ ಎಂಬ ಪುಸ್ತಕವೂ ಅವಳ ಹತ್ತಿರವೇ. ಬುಕಿಂಗ್ ಏರಿದ್ದು ಅಂದಿನಿಂದ.

ಆ ಸಿಮ್‌ಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ. ಇದೂ ಉಚಿತ, 2018ರಿಂದ ಇದೆ. ಒಳಗೆ ನಾಲ್ಕು ಕೆಲಸ ಮಾಡಿಡಿ. ಮೆಸೇಜ್ ಬಂದ ಕೂಡಲೇ ಹೋಗುವ ಸ್ವಾಗತದ ಸಾಲು. ರಾತ್ರಿ ಹತ್ತರ ಮೇಲೆ ಬಂದರೆ, "ಬೆಳಿಗ್ಗೆ ಏಳಕ್ಕೆ ಉತ್ತರಿಸುತ್ತೇವೆ" ಎಂಬ ಸಾಲು. ಪುಡಿಯ ಬಗೆಗಳು, ರೂಮುಗಳು ಬೆಲೆ ಸಮೇತ ಇರುವ ಕ್ಯಾಟಲಾಗ್. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ: ದಾರಿ ಹೇಗೆ, ಮಕ್ಕಳಿಗೆ ರೇಟ್ ಎಷ್ಟು, ಮುಂಗಡ ಎಷ್ಟು. ಲೇಬಲ್ ಹಾಕುವ ಸೌಲಭ್ಯವೂ ಇದೆ. 'ವಿಚಾರಿಸಿದವರು', 'ಮುಂಗಡ ಕೊಟ್ಟವರು', 'ಬಂದು ಹೋದವರು' ಎಂದು ಬಣ್ಣ ಕೊಟ್ಟು ಇಟ್ಟುಕೊಂಡರೆ ತಿಂಗಳ ಕೊನೆಗೆ ಲೆಕ್ಕ ಸುಲಭ.

ಹೋಂಸ್ಟೇಯವರಿಗೆ ಎಚ್ಚರಿಕೆಯ ಒಂದು ಮಾತು. ಫೋನ್ ನಂಬರು ಎಲ್ಲರ ಕಣ್ಣಿಗೆ ಬಿದ್ದ ಮೇಲೆ, "ಮಿಲಿಟರಿ ಆಫೀಸರ್, ಹತ್ತು ಜನಕ್ಕೆ ರೂಮು ಬೇಕು, ಅಡ್ವಾನ್ಸ್ ಹಾಕ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವವರು ಬರುತ್ತಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮದೇ.

4. ಫೇಸ್‌ಬುಕ್, ಇನ್‌ಸ್ಟಾಗ್ರಾಮ್: ಬೂಸ್ಟ್ ಬಟನ್ ಬಿಟ್ಟು ಒಳಗೆ ಹೋಗಿ

ಎರಡೂ ಮೆಟಾ ಕಂಪನಿಯವೇ, ಆ್ಯಡ್ಸ್ ಮ್ಯಾನೇಜರ್ ಎಂಬ ಒಂದೇ ಜಾಗದಿಂದ ಎರಡಕ್ಕೂ ಜಾಹೀರಾತು ಹೋಗುತ್ತದೆ. ಶುರುವಿನಲ್ಲೇ ಉದ್ದೇಶ ಏನು ಎಂದು ಕೇಳುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಕೇಳಿದ್ದನ್ನೇ ಆ ಯಂತ್ರ ಹುಡುಕಿ ಕೊಡುತ್ತದೆ. ಲೈಕ್ ಕೇಳಿದರೆ, ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಅಭ್ಯಾಸದವರನ್ನು ಹುಡುಕುತ್ತದೆ. ಮೆಸೇಜ್ ಕೇಳಿದರೆ ಮೆಸೇಜ್ ಮಾಡುವ ಜಾಯಮಾನದವರನ್ನು. ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್ ಇಲ್ಲದಿದ್ದರೂ ನಡೆಯುವ ದಾರಿ ಎಂದರೆ, ಜಾಹೀರಾತು ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಬಗೆ. ನಮ್ಮಿಬ್ಬರದೂ ಅದೇ.

ಆಮೇಲೆ ಜಾಗ. ಸೀರೆ ಅಂಗಡಿಯಾದರೆ ಚಿಕ್ಕಮಗಳೂರಿನ ನಿಮ್ಮ ಅಂಗಡಿಯ ಮೇಲೆ ಪಿನ್ ಇಟ್ಟು ಸುತ್ತ ಇಪ್ಪತ್ತೈದು ಕಿಲೋಮೀಟರ್ ಹಾಕಿ. ಬೇಲೂರು, ಆಲ್ದೂರು ಎಲ್ಲ ಅದರೊಳಗೆ ಬರುತ್ತವೆಯೇ ಎಂದು ಮ್ಯಾಪಿನಲ್ಲೇ ಕಾಣುತ್ತದೆ. ಹೋಂಸ್ಟೇಯಾದರೆ ಬೆಂಗಳೂರು ಹಾಕಿ, ನಮ್ಮ ಜಿಲ್ಲೆಯನ್ನು ಹೊರಗಿಡಿ. ಹೊರಗಿಡುವ ಆಯ್ಕೆ ಅಲ್ಲೇ ಇದೆ, ಅತ್ತಿಗೆ ಕಳೆದುಕೊಂಡ ಐದು ಸಾವಿರ ಅದನ್ನು ಒತ್ತಿದ್ದರೆ ಉಳಿಯುತ್ತಿತ್ತು. ಆಸಕ್ತಿಗಳ ಪಟ್ಟಿ ಎಂದು ದೊಡ್ಡದೊಂದು ಇರುತ್ತದೆ. ಅದರಲ್ಲಿ ಟ್ರೆಕ್ಕಿಂಗ್, ಕಾಫಿ, ಪ್ರವಾಸ ಎಂದು ಇಪ್ಪತ್ತು ತುರುಕುವುದರಿಂದ ನನಗಂತೂ ಲಾಭ ಕಂಡಿಲ್ಲ. ಜಾಗ, ವಯಸ್ಸು ಇಷ್ಟೇ ಕೊಟ್ಟು ಮಿಕ್ಕದ್ದನ್ನು ಯಂತ್ರಕ್ಕೆ ಬಿಡುತ್ತೇನೆ.

ದಿನಕ್ಕೆ 200 ರೂಪಾಯಿಯಿಂದ ಶುರು ಮಾಡಿ. ಮೊದಲ ಐದಾರು ದಿನ ಕೈ ಹಾಕಬೇಡಿ. ಯಾರಿಗೆ ತೋರಿಸಿದರೆ ಫಲ ಸಿಗುತ್ತದೆ ಎಂದು ಯಂತ್ರ ಆ ದಿನಗಳಲ್ಲಿ ಕಲಿಯುತ್ತಿರುತ್ತದೆ. ವಾರಕ್ಕೆ ಸುಮಾರು 50 ಫಲ (ನಮ್ಮ ಲೆಕ್ಕದಲ್ಲಿ ಮೆಸೇಜ್) ಸಿಕ್ಕರೆ ಆ ಕಲಿಕೆ ಮುಗಿಯುತ್ತದೆ ಎನ್ನುವುದು ಮೆಟಾದವರದೇ ಲೆಕ್ಕ. ಸಣ್ಣ ಬಜೆಟ್ಟಿನಲ್ಲಿ ಅಷ್ಟು ಬರುವುದಿಲ್ಲ, ಬರದಿದ್ದರೂ ಜಾಹೀರಾತು ನಡೆಯುತ್ತದೆ. ದಿನಾ ಬೆಳಿಗ್ಗೆ ಎದ್ದು ಫೋಟೊ ಬದಲಿಸುವುದು, ಬಜೆಟ್ ಏರಿಸಿ ಇಳಿಸುವುದು ಮಾಡಿದರೆ ಕಲಿತದ್ದನ್ನು ಮತ್ತೆ ಅ ಆ ಇ ಈಯಿಂದ ಶುರು ಮಾಡುತ್ತದೆ.

5. ಗೂಗಲ್ ಹುಡುಕಾಟದ ಜಾಹೀರಾತು: ಇಲ್ಲಿ ದುಡ್ಡು ಸೋರುವ ತೂತುಗಳು

ಇನ್‌ಸ್ಟಾಗ್ರಾಮ್ ನೋಡುವವನು ಸುಮ್ಮನೆ ಹೊತ್ತು ಕಳೆಯುತ್ತಿರುತ್ತಾನೆ. ಗೂಗಲ್‌ನಲ್ಲಿ ಹುಡುಕುವವನಿಗೆ ಆಗಲೇ ಏನೋ ಬೇಕಾಗಿರುತ್ತದೆ. ಹಾಗಾಗಿ ಇಲ್ಲಿ ಒಂದು ಕ್ಲಿಕ್ ತುಟ್ಟಿಯಾದರೂ ಗಟ್ಟಿ. ಆದರೆ ಗೂಗಲ್ ಮೊದಲೇ ಟಿಕ್ ಮಾಡಿ ಇಟ್ಟಿರುವ ಆಯ್ಕೆಗಳನ್ನು ಹಾಗೆಯೇ ಬಿಟ್ಟರೆ ದುಡ್ಡು ನೀರಿನಂತೆ ಹೋಗುತ್ತದೆ.

ಮೊದಲ ತೂತು ಜಾಗದ ಆಯ್ಕೆ. ಚಿಕ್ಕಮಗಳೂರು ಎಂದು ಹಾಕಿದರೆ ಚಿಕ್ಕಮಗಳೂರಿನಲ್ಲಿ ಇರುವವರಿಗೆ ಮಾತ್ರ ಕಾಣುತ್ತದೆ ಎಂದು ನಾವು ತಿಳಿಯುತ್ತೇವೆ. ಮೊದಲೇ ಆರಿಸಿಟ್ಟಿರುವ ಆಯ್ಕೆಯ ಅರ್ಥ ಬೇರೆ: ಅಲ್ಲಿ ಇರುವವರಿಗೆ, ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೆ. ನಮ್ಮದು ಪ್ರವಾಸಿ ಊರು. ವೈಟ್‌ಫೀಲ್ಡ್‌ನಲ್ಲಿ ಕೂತು ಮುಳ್ಳಯ್ಯನಗಿರಿ ಹುಡುಕಿದವನಿಗೂ ನಮ್ಮೂರ ಹಾರ್ಡ್‌ವೇರ್ ಅಂಗಡಿಯ ಜಾಹೀರಾತು ಹೋದೀತು. ಊರಿನ ಗಿರಾಕಿ ಬೇಕಾದವರು, ಜಾಗದ ಆಯ್ಕೆಯ ಒಳಗೆ ಹೋಗಿ, ಅಲ್ಲಿ ಇರುವವರಿಗೆ ಮಾತ್ರ ಎಂಬುದನ್ನು ಆರಿಸಲೇಬೇಕು.

ಎರಡನೆಯದು, ಡಿಸ್‌ಪ್ಲೇ ನೆಟ್‌ವರ್ಕ್ ಎಂಬ ಟಿಕ್. ತೆಗೆದುಬಿಡಿ. ಇಲ್ಲವಾದರೆ ಹುಡುಕಾಟಕ್ಕೆಂದು ಇಟ್ಟ ದುಡ್ಡು ಬೇರೆ ಬೇರೆ ಸೈಟು, ಆ್ಯಪುಗಳಿಗೂ ಹರಿಯುತ್ತದೆ. ಮಗು ಗೇಮ್ ಆಡುವಾಗ ತಪ್ಪಿ ಬೆರಳು ತಾಗಿದರೂ ಕ್ಲಿಕ್ ಎಂದೇ ಲೆಕ್ಕ.

ಮೂರನೆಯದು ಪದಗಳು. ನನ್ನ ದೊಡ್ಡ ಪೆಟ್ಟು ಇಲ್ಲೇ. 'ಚಿಕ್ಕಮಗಳೂರು ಕಾಫಿ ಬೆಲೆ' ಎಂಬ ಪದವನ್ನು ಸಡಿಲ ಹೊಂದಾಣಿಕೆಯಲ್ಲಿ (ಬ್ರಾಡ್ ಮ್ಯಾಚ್, ಅಂದರೆ ಹತ್ತಿರದ ಅರ್ಥದ ಹುಡುಕಾಟಕ್ಕೂ ಜಾಹೀರಾತು ಕಾಣುವ ಬಗೆ) ಬಿಟ್ಟಿದ್ದೆ. ಎರಡೇ ದಿನದಲ್ಲಿ ಕ್ಲಿಕ್ಕೋ ಕ್ಲಿಕ್ಕು, ಆರ್ಡರ್ ಸೊನ್ನೆ. ಯಾರು ಏನು ಹುಡುಕಿ ಬಂದರು ಎಂಬ ಸರ್ಚ್ ಟರ್ಮ್ಸ್ ವರದಿ ತೆರೆದರೆ ಗುಟ್ಟು ಬಯಲಾಯಿತು: 'ಇವತ್ತಿನ ಕಾಫಿ ರೇಟ್', 'ಅರೇಬಿಕಾ ಪಾರ್ಚ್‌ಮೆಂಟ್ ರೇಟ್', 'ರೊಬಸ್ಟಾ ಚೆರಿ 50 ಕೆಜಿ'. ಬಂದವರೆಲ್ಲ ಮೂಟೆ ಮಾರಲು ಮಾರ್ಕೆಟ್ ನೋಡುತ್ತಿದ್ದ ಬೆಳೆಗಾರರು. ಅವರ ಮನೆಯಲ್ಲೇ ಕಾಫಿ ಬೀಜ ರಾಶಿ ಬಿದ್ದಿರುವಾಗ ನನ್ನ ಅರ್ಧ ಕೆಜಿ ಪುಡಿ ಅವರಿಗೇಕೆ?

ಅಂದಿನಿಂದ 'ರೇಟ್ ಟುಡೇ', 'ಪಾರ್ಚ್‌ಮೆಂಟ್', 'ಚೆರಿ', 'ಮೂಟೆ', 'ಕೆಲಸ', 'ಮಾಡುವ ವಿಧಾನ' ಇವೆಲ್ಲ ನನ್ನ ನೆಗೆಟಿವ್ ಪದಗಳ ಪಟ್ಟಿಯಲ್ಲಿವೆ. ಈ ಪದಗಳಿದ್ದರೆ ನನ್ನ ಜಾಹೀರಾತು ತೋರಿಸಬೇಡ ಎಂದು ಅರ್ಥ. ಪ್ರತಿ ಸೋಮವಾರ ಬೆಳಿಗ್ಗೆ ಆ ವರದಿ ನೋಡಿ ಎರಡು ಮೂರು ಪದ ಸೇರಿಸುತ್ತೇನೆ. ಬೇಕಾದ ಪದಗಳನ್ನು ಬಿಗಿ ಹೊಂದಾಣಿಕೆಯಲ್ಲೇ (ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್) ಹಾಕಿ. ಜನ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕುತ್ತಾರೆ. ನಮ್ಮೂರಿನ ಹೆಸರಿಗಂತೂ ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯ ಕಾಗುಣಿತ ಇದೆ, ಹಳೆಯದೂ ಹೊಸದೂ ಎಲ್ಲ ಸೇರಿಸಿ.

ದುಡ್ಡು ಹೆಚ್ಚು ಕೊಟ್ಟವನೇ ಮೇಲೆ ಬರುತ್ತಾನೆ ಎಂಬುದು ಪೂರ್ತಿ ನಿಜವಲ್ಲ. ಹುಡುಕಿದ ಪದ, ಜಾಹೀರಾತಿನ ಮಾತು, ಒತ್ತಿದ ಮೇಲೆ ತೆರೆಯುವ ಪುಟ ಮೂರೂ ಒಂದಕ್ಕೊಂದು ಹೊಂದಿದರೆ ಕಡಿಮೆ ದುಡ್ಡಿಗೂ ಒಳ್ಳೆಯ ಜಾಗ ಸಿಗುತ್ತದೆ. ತಲೆಬರಹ ಒಂದಕ್ಕೆ 30 ಅಕ್ಷರ, ವಿವರಣೆಗೆ 90. ಅಷ್ಟರಲ್ಲಿ ಬೆಲೆ, ಊರು, ವಿಶೇಷ ಹೇಳಬೇಕು.

6. ಮಾತು, ವಿಡಿಯೊ

ಅತ್ತಿಗೆಯ ಮೊದಲ ಜಾಹೀರಾತು ಹೀಗಿತ್ತು: "ನಿಸರ್ಗದ ಮಡಿಲಲ್ಲಿ ಮರೆಯಲಾಗದ ಅನುಭವ! ಇಂದೇ ಬುಕ್ ಮಾಡಿ!!" ಈ ಸಾಲನ್ನು ಸಕಲೇಶಪುರದಿಂದ ಶೃಂಗೇರಿವರೆಗೆ ಯಾವ ಹೋಂಸ್ಟೇಗೆ ಅಂಟಿಸಿದರೂ ಅಂಟುತ್ತದೆ. ಈಗಿನದು ಹೀಗಿದೆ:

"ಮೂಡಿಗೆರೆಯಿಂದ 9 ಕಿ.ಮೀ. ನಾಲ್ಕೇ ರೂಮು. ಕೊನೆಯ ಎರಡು ಕಿ.ಮೀ. ಮಣ್ಣು ರಸ್ತೆ, ಸಣ್ಣ ಕಾರು ನಿಧಾನಕ್ಕೆ ಬರುತ್ತದೆ. ಫೋನ್ ಸಿಗ್ನಲ್ ಇಲ್ಲ. ರಾತ್ರಿಗೆ ಕಡುಬು, ಕೋಳಿ ಸಾರು. ಬೆಳಿಗ್ಗೆ ಅಕ್ಕಿ ರೊಟ್ಟಿ. ಊಟ ತಿಂಡಿ ಸೇರಿ ತಲೆಗೆ 2,200 ರೂ. ಡಿಜೆ ಇಲ್ಲ."

ಈ ಮಾತಿಗೆ ಮೆಸೇಜ್ ಮೊದಲಿಗಿಂತ ಕಡಿಮೆ ಬಂದವು. ಬಂದವರಲ್ಲಿ ಬುಕ್ ಮಾಡಿದವರು ಹೆಚ್ಚು. 'ಡಿಜೆ ಇಲ್ಲ' ಎಂಬ ಎರಡು ಪದ ಬೇಡದ ಗಿರಾಕಿಯನ್ನು ದೂರ ಇಟ್ಟಿತು. ಸಂಸಾರಸ್ಥರು ಅದನ್ನು ನೋಡಿಯೇ ಫೋನ್ ಮಾಡಿದರು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯನ್ನೂ ಹಾಕಿ. ಸುಳ್ಳು ಹೋಂಸ್ಟೇಗೆ ಮುಂಗಡ ಕಳಿಸಿ ಮೋಸ ಹೋದವರ ಕತೆ ಕೇಳಿರುವ ಜನಕ್ಕೆ ಅದರಿಂದ ಧೈರ್ಯ ಬರುತ್ತದೆ.

ವಿಡಿಯೊಗೆ ದೊಡ್ಡ ಕ್ಯಾಮೆರಾ ಬೇಡ. ಫೋನ್ ಉದ್ದಕ್ಕೆ ಹಿಡಿದು ತೆಗೆಯಿರಿ, ಹದಿನೈದು ಇಪ್ಪತ್ತು ಸೆಕೆಂಡು ಸಾಕು. ಮೊದಲ ಎರಡು ಸೆಕೆಂಡಿನಲ್ಲಿ ಏನಾದರೂ ನಡೆಯುತ್ತಿರಬೇಕು. ನನ್ನ ಅಂಗಡಿಯದರಲ್ಲಿ ಹುರಿದ ಬೀಜ ಮಿಷನ್‌ನಿಂದ ಹೊಗೆಯಾಡುತ್ತ ತಟ್ಟೆಗೆ ಸುರಿಯುವ ಚೂರೇ ಮೊದಲು ಬರುತ್ತದೆ. ಅಂಗಡಿಯ ಹೆಸರು ಕೊನೆಗೆ. ತುಂಬಾ ಜನ ಶಬ್ದ ಇಲ್ಲದೆ ನೋಡುವುದರಿಂದ ಮಾತನ್ನು ಅಕ್ಷರದಲ್ಲೂ ಹಾಕಿ. ಸಿನಿಮಾ ಹಾಡು ಹಾಕುವ ಆಸೆ ಬಿಡಿ, ವ್ಯಾಪಾರದ ಜಾಹೀರಾತಿಗೆ ಅದರ ಹಕ್ಕು ನಿಮಗಿರುವುದಿಲ್ಲ.

ಪುಡಿ ವ್ಯಾಪಾರದವರು ಬರೆಯುವ ಮಾತಿನ ಮೇಲೆ ನಿಗಾ ಇಡಬೇಕು. ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಲೇಬೇಕೆಂಬುದು ನಿಯಮ, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಹೇಳಬೇಕು. ಕಾಫಿ 80, ಚಿಕೋರಿ 20 ಇರುವ ಪುಡಿಗೆ "100% ಶುದ್ಧ ಕಾಫಿ" ಎಂದು ಜಾಹೀರಾತು ಕೊಟ್ಟರೆ ಅದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ.

7. ಲೆಕ್ಕ

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ದಿನಕ್ಕೆ 200ರಂತೆ 15 ದಿನ, 3,000. ಅದರ ಮೇಲೆ ಶೇ 18 ಜಿಎಸ್‌ಟಿ 540. ಒಟ್ಟು 3,540. ಬಂದದ್ದು 60 ಮೆಸೇಜ್, ಆದದ್ದು 12 ಆರ್ಡರ್. ಅಂದರೆ ಒಂದು ಆರ್ಡರ್ ತರಲು 295 ರೂಪಾಯಿ. ಬೀಜ, ಹುರಿಯುವುದು, ಪ್ಯಾಕೆಟ್, ಕೊರಿಯರ್ ಎಲ್ಲ ಕಳೆದು ಒಂದು ಆರ್ಡರಿನಲ್ಲಿ ಉಳಿಯುವುದು 180 ಎಂದಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಆರ್ಡರಿಗೆ 115 ರೂಪಾಯಿ ನಷ್ಟ. ಇಲ್ಲಿಗೇ ಹೆದರಿ ನಿಲ್ಲಿಸುವವರು ಬಹಳ.

ಕಾಫಿ ಪುಡಿ ತಿಂಗಳಿಗೊಮ್ಮೆ ಮುಗಿಯುವ ಸಾಮಾನು. ಹನ್ನೆರಡರಲ್ಲಿ ಐವರು ಮುಂದಿನ ಮೂರು ತಿಂಗಳೂ ತರಿಸಿಕೊಂಡರೆ 15 ಆರ್ಡರ್, 2,700 ರೂಪಾಯಿ. ಮೊದಲ ಸಲದ 2,160 ಸೇರಿದರೆ 4,860. ಖರ್ಚು ಕಳೆದು 1,320 ಕೈಯಲ್ಲಿ. ಇಬ್ಬರೇ ತಿರುಗಿ ಬಂದರೆ ಒಟ್ಟು 3,240, ಆಗ 300 ಕೈ ಬಿಟ್ಟಂತೆ. ಹಾಗಾದಾಗ ಜಾಹೀರಾತನ್ನು ಬಯ್ಯುವ ಮೊದಲು ಪುಡಿಯ ರುಚಿ ನೋಡಿ. ಜಿಎಸ್‌ಟಿ ನೋಂದಣಿ ಇದ್ದವರು ಜಾಹೀರಾತು ಖಾತೆಯಲ್ಲಿ ನಂಬರು ತುಂಬಿಸಿದರೆ ಆ 540 ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಹಾಗೆ ಬರುತ್ತದೆ. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನವರಿಗೆ ಇದು ಸಿಗುವುದಿಲ್ಲ.

ಯಾವ ಜಾಹೀರಾತಿನಿಂದ ಯಾರು ಬಂದರು ಎಂದು ತಿಳಿಯಲು ಒಂದೊಂದಕ್ಕೂ ಬೇರೆ ಬೇರೆ ವಾಟ್ಸಾಪ್ ಲಿಂಕ್ (wa.me) ಇಟ್ಟರೆ ಸಾಕು. ಲಿಂಕ್ ಒತ್ತಿದಾಗ ತಾನಾಗಿ ಬರುವ ಸಾಲನ್ನು ಮೊದಲೇ ಬರೆದಿಡಬಹುದು. ಪ್ಯಾಕೆಟ್ಟಿನ ಮೇಲಿನ ಕ್ಯೂಆರ್‌ನಿಂದ ಬಂದರೆ "ಪುಡಿ ಮುಗಿಯಿತು, ಮತ್ತೆ ಬೇಕು" ಎಂದು ಬರುವ ಹಾಗೆ ಇಟ್ಟಿದ್ದೇನೆ. ಅಂಗಡಿಗೆ ನಡೆದು ಬಂದವರಿಗೆ ಹಳೆಯ ವಿಧಾನವೇ: "ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?" ಎಂದು ಕೇಳಿ ಗಲ್ಲಾದ ಪಕ್ಕದ ನೋಟ್‌ಬುಕ್ಕಿನಲ್ಲಿ ಗೀಟು.

8. ಖಾತೆ ನಿಮ್ಮ ಹೆಸರಿನಲ್ಲೇ ಇರಲಿ

ಇದನ್ನು ಮೊದಲೇ ಹೇಳಬೇಕಿತ್ತು. ನನ್ನ ಅಂಗಡಿಯ ಮೊದಲ ಪೇಜು, ಜಾಹೀರಾತು ಖಾತೆ ಎರಡನ್ನೂ ಒಬ್ಬ ಏಜೆನ್ಸಿಯವರು ತಮ್ಮ ಇಮೇಲ್‌ನಲ್ಲಿ ತೆರೆದಿದ್ದರು. ಒಂದು ವರ್ಷದ ಮೇಲೆ ವ್ಯವಹಾರ ಮುರಿಯಿತು. ಪೇಜು, ಫೋಟೊ, ಹಳೆಯ ಲೆಕ್ಕ ಎಲ್ಲ ಅವರ ಬಳಿಯೇ ಉಳಿಯಿತು. ಖಾತೆ ನಿಮ್ಮ ಇಮೇಲ್, ನಿಮ್ಮ ಫೋನಿನಲ್ಲಿ ತೆರೆಯಿರಿ. ಕೆಲಸ ಮಾಡುವವರಿಗೆ ಒಳಗೆ ಬರುವ ಅನುಮತಿ ಮಾತ್ರ ಕೊಡಿ, ಪಾಸ್‌ವರ್ಡ್ ಬೇಡ. ಅನುಮತಿಯನ್ನು ಬೇಕಾದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು. ಎರಡು ಹಂತದ ಭದ್ರತೆ ಹಾಕಿಕೊಳ್ಳಿ.

ನಂಬರುಗಳ ಪಟ್ಟಿ ಮಾರುವವರು ಬಂದರೆ ವಾಪಸ್ ಕಳಿಸಿ. ಸಗಟು ಎಸ್ಸೆಮ್ಮೆಸ್ಸಿಗೆ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಹೆಸರು, ಸಂದೇಶದ ಮಾದರಿ ಎರಡೂ ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಆಗಿರಬೇಕು. ವಾಟ್ಸಾಪ್‌ನ ಸಾಮಾನ್ಯ ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಕಳಿಸುವ ಪಟ್ಟಿ) ಅಂತೂ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ.

9. ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು

ಹೋಂಸ್ಟೇ ಜಾಹೀರಾತನ್ನು ನಾವು ಮಂಗಳವಾರದಿಂದ ಗುರುವಾರದವರೆಗೆ ಜೋರು ಮಾಡುತ್ತೇವೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂವಾಗಿ ತೋಟ ಬೆಳ್ಳಗಾಗುತ್ತದೆ. ಹೂವು ನಿಲ್ಲುವುದು ನಾಲ್ಕೈದು ದಿನವಷ್ಟೆ, ಆದ್ದರಿಂದ ಹೋದ ವರ್ಷದ ಹೂವಿನ ವಿಡಿಯೊ ಸಿದ್ಧವಿಟ್ಟುಕೊಂಡು ಮಳೆ ಬಿದ್ದ ದಿನವೇ ಜಾಹೀರಾತು ಶುರು. ಹಾಸನದವರಿಗೆ ದೀಪಾವಳಿ ಆಸುಪಾಸಿನಲ್ಲಿ ಹಾಸನಾಂಬೆ ಬಾಗಿಲು ತೆರೆಯುವ ದಿನಗಳು ಇದ್ದೇ ಇವೆ. ಮುಳ್ಳಯ್ಯನಗಿರಿ ಕಡೆ ಹೋಗುವ ವಾಹನಗಳಿಗೆ 2025ರಿಂದ ಆನ್‌ಲೈನ್ ಮುಂಗಡ ಬುಕಿಂಗ್ ಬಂದಿದೆ. ಗಿರಿಯ ಫೋಟೊ ಹಾಕಿ ಕರೆಯುವವರು ಆ ವಿಷಯವನ್ನೂ ಮೆಸೇಜಿನಲ್ಲಿ ತಿಳಿಸಿಬಿಡಿ, ಚೆಕ್‌ಪೋಸ್ಟಿನಿಂದ ಹಿಂದಿರುಗಿದ ಗಿರಾಕಿಯ ಸಿಟ್ಟು ಬಂದು ಬೀಳುವುದು ನಿಮ್ಮ ರಿವ್ಯೂ ಮೇಲೆ.

ಶನಿವಾರದ ನಾಲ್ಕೂ ರೂಮು ತುಂಬಿದ ಕೂಡಲೇ ಅಣ್ಣನ ಮಗಳು ನನಗೊಂದು ಮೆಸೇಜ್ ಹಾಕುತ್ತಾಳೆ: "ಚಿಕ್ಕಪ್ಪ, ಫುಲ್. ಆಫ್ ಮಾಡಿ." ಗಲ್ಲಾದಲ್ಲಿ ಕೂತಲ್ಲೇ ಆಫ್ ಮಾಡುತ್ತೇನೆ. ಮುಂದಿನ ಮಂಗಳವಾರ ಬೆಳಿಗ್ಗೆ ಮತ್ತೆ ಆನ್.